ಅತಿಥಿಯ ಸಾಕ್ಷ್ಯ: ಉತ್ತರ ನಾರ್ವೆಯ ಕರಾವಳಿಯನ್ನು ಕಂಡ ಪ್ರವಾಸಿಗಳೂ ಅವರ ಬರಹಗಳ ಚಾರಿತ್ರಿಕ ಮೌಲ್ಯವೂ

೧

ವಿಜಯನಗರದ ಚರಿತ್ರೆಯನ್ನು ವ್ಯಾಸಂಗ ಮಾಡುವವರಿಗೆ ವೆನಿಸ್ ಗಣರಾಜ್ಯದ ನಿಕೊಲೊ ಕೋಂಟಿಯ ಹೆಸರು ಹೊಸದಲ್ಲ. ಕ್ರಿ. ಶ. ೧೪೨೦ರ ಸುಮಾರಿಗೆ ಆ ರಾಜಧಾನಿಯನ್ನು ಕಂಡ ಆತನು ಹೇಳಿದ ವೃತ್ತಾಂತವನ್ನು ಪೊಜ್ಜೊ ಬ್ರಾಚೊಲೀನಿ ಎಂಬ ವಿದ್ವಾಂಸನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಮುಂದೆ ಹದಿನಾರನೆಯ ಶತಮಾನದಲ್ಲಿ ರಾಮೂಸಿಯೊ ಎಂಬಾತನು ಪ್ರಕಟಿಸಿದ ಪ್ರವಾಸಕಥನಗಳ ಮಹಾಸಂಗ್ರಹದಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಅದೇ ಸಂಗ್ರಹದ, ೧೫೫೯ರಲ್ಲಿ ಅಚ್ಚಾದ ಸಂಪುಟದಲ್ಲಿ ಕೋಂಟಿಯ ಸಮಕಾಲೀನನಾದ ಇನ್ನೊಬ್ಬ ವೆನಿಸ್ ಪ್ರಜೆಯ ವೃತ್ತಾಂತವೂ ಇದೆ. ಅವನ ಹೆಸರು ಪಿಯೆತ್ರೊ ಕ್ವೆರೀನಿ. ಕೋಂಟಿಯು ಪೂರ್ವದಿಕ್ಕಿನ ಸಂಪದ್ಭರಿತ ನಗರಗಳನ್ನು ಕಂಡರೆ, ಕ್ವೆರೀನಿಯು ಉತ್ತರಧ್ರುವ ವೃತ್ತದಿಂದಾಚೆಗೆ, ನಡುಗಡಲಿನಲ್ಲಿದ್ದ ಮೀನುಗಾರರ ಒಂದು ಪುಟ್ಟ ದ್ವೀಪವನ್ನು ಕಂಡನು. ಮೊದಲನೆಯವನು ವ್ಯಾಪಾರಾರ್ಥವಾಗಿ ಹೋದವನು. ಎರಡನೆಯವನು ದೈವವಶಾತ್ ಅಲೆಗಳು ಎಸೆದೆಡೆಗೆ ಹೋಗಿ ಬಿದ್ದವನು.

ನಮ್ಮ ನಾಡಿನ ಚರಿತ್ರೆಯಲ್ಲಿ ಕೋಂಟಿ, ಅಬ್ದುರ್ ರಜಾಕ್, ಪಾಯೆಸ್, ನೂನಿಜ್ ಮೊದಲಾದ ವಿದೇಶೀಯರ ಮಾತುಗಳನ್ನು ನಾವು ಮೇಲಿಂದ ಮೇಲೆ ಉದ್ಧರಿಸುತ್ತೇವೆ. ಆದರೆ ಅತಿಥಿಯಾಗಿ ಬಂದವನ ಸಾಕ್ಷ್ಯವನ್ನು ಯಾವ ಒರೆಗಲ್ಲಿಗೆ ಹಚ್ಚಿ ನೋಡಬೇಕು ಎಂಬ ಪ್ರಶ್ನೆಯನ್ನು ಅಷ್ಟು ಸಲ ಕೇಳಿಕೊಳ್ಳುವುದಿಲ್ಲ. ದೂರದ ಒಂದು ಕರಾವಳಿಯ ನಿದರ್ಶನವನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ. ಸಾವಿರ ವರ್ಷಗಳಿಗೂ ಮೀರಿದ ಅವಧಿಯಲ್ಲಿ ಉತ್ತರ ನಾರ್ವೆಯ ಕರಾವಳಿಯನ್ನು ಕುರಿತು ಅತಿಥಿಗಳು ಬರೆದಿಟ್ಟ ಸಾಕ್ಷ್ಯಗಳು ವಿಪುಲವಾಗಿವೆ. ಅವರ ಬರಹಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಎರಡು ಸರಳವಾದ ಪ್ರಶ್ನೆಗಳು ಬಹಳ ಉಪಯುಕ್ತವೆಂದು ತೋರುತ್ತದೆ. ಈ ಪ್ರವಾಸಿ ಯಾರ ದೋಣಿಯಲ್ಲಿ ಬಂದನು? ಬಂದಮೇಲೆ ಯಾರ ಮನೆಯಲ್ಲಿ ಉಂಡನು? ಈ ಎರಡು ಪ್ರಶ್ನೆಗಳಿಗೆ ದೊರೆಯುವ ಉತ್ತರವನ್ನು ಅವಲಂಬಿಸಿಯೇ ಅವನ ಕಣ್ಣಿಗೆ ಏನು ಬಿದ್ದಿತು, ಏನು ಬೀಳಲಿಲ್ಲ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ.

೨

ಮೊದಲು ಆ ಸೀಮೆಯ ಪರಿಚಯವನ್ನು ಮಾಡಿಕೊಳ್ಳುವುದು ಆವಶ್ಯಕ. ನಾರ್ವೆ ದೇಶದ ಉತ್ತರಭಾಗವು ಧ್ರುವವೃತ್ತವನ್ನು ದಾಟಿ, ೭೧ ಅಕ್ಷಾಂಶವನ್ನು ಮೀರಿ ಚಾಚಿಕೊಂಡಿದೆ. ಇಷ್ಟು ಉತ್ತರದಲ್ಲಿದ್ದರೂ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವು ದಡದುದ್ದಕ್ಕೂ ಹರಿಯುವುದರಿಂದ ಅಲ್ಲಿಯ ಹೊರಕಡಲು ಚಳಿಗಾಲದಲ್ಲಿಯೂ ಹೆಪ್ಪುಗಟ್ಟುವುದಿಲ್ಲ. ಬೇಸಗೆಯಲ್ಲಿ ವಾರಗಟ್ಟಲೆ ಸೂರ್ಯನು ಮುಳುಗುವುದಿಲ್ಲ. ಚಳಿಗಾಲದಲ್ಲಿ ಅಷ್ಟೇ ಕಾಲ ಮೂಡುವುದಿಲ್ಲ. ಧಾನ್ಯದ ಬೆಳೆ ಅತ್ಯಲ್ಪ. ಉತ್ತರದ ಅಂಚಿನಲ್ಲಿ ಅದೂ ಇಲ್ಲ. ಅಲ್ಲಿ ಮನುಷ್ಯನ ಬಾಳಿಗೆ ಆಧಾರವಾದದ್ದು ಕಾಡ್ ಎಂಬ ಮೀನು. ಪ್ರತಿವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಈ ಮೀನು ಬೇರೆಂಟ್ಸ್ ಸಮುದ್ರದಿಂದ ಹೊರಟು ಲೋಫೋಟೆನ್ ದ್ವೀಪಗಳ ಸುತ್ತಣ ನೀರಿಗೆ ಮೊಟ್ಟೆಯಿಡಲು ಬರುತ್ತದೆ. ಹಿಡಿದ ಮೀನಿನ ತಲೆಯನ್ನು ಕತ್ತರಿಸಿ, ಬಾಲಗಳನ್ನು ಜೋಡಿ ಕಟ್ಟಿ, ಮರದ ಗಳುಗಳ ಮೇಲೆ ತೂಗುಹಾಕಿದರೆ ಉಪ್ಪಿನ ಸಹಾಯವಿಲ್ಲದೆಯೇ ಗಾಳಿಗೂ ಚಳಿಗೂ ಅದು ಒಣಗಿ ಕಟ್ಟಿಗೆಯಂತಾಗುತ್ತದೆ. ಹಾಗೆ ಒಣಗಿದ ಮೀನು ವರ್ಷಗಟ್ಟಲೆ ಕೆಡುವುದಿಲ್ಲ. ಈ ಒಣಮೀನೇ ಆ ಜನರ ಅನ್ನ, ಅದೇ ಅವರ ನಾಣ್ಯ.

ಈ ಕರಾವಳಿಯನ್ನು ಕುರಿತ ಅತಿಪ್ರಾಚೀನ ಲಿಖಿತ ಸಾಕ್ಷ್ಯವು ಪ್ರವಾಸಿಯದಲ್ಲ, ನಿವಾಸಿಯದು ಎಂಬುದು ಗಮನಾರ್ಹ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಓಟ್ಟಾರ್ ಎಂಬ ನಾವಿಕನು ಇಂಗ್ಲೆಂಡಿನ ರಾಜ ಆಲ್ಫ್ರೆಡನ ಆಸ್ಥಾನಕ್ಕೆ ಹೋಗಿ, ತಾನು ನಾರ್ವೆ ಜನರೆಲ್ಲರಿಗಿಂತ ಉತ್ತರದಲ್ಲಿ ವಾಸಿಸುವವನೆಂದು ಹೇಳಿಕೊಂಡನು. ಅವನ ಮಾತುಗಳನ್ನು ಒರೋಸಿಯಸನ ಚರಿತ್ರೆಯ ಪ್ರಾಚೀನ ಇಂಗ್ಲಿಷ್ ಅನುವಾದದಲ್ಲಿ ಸೇರಿಸಲಾಗಿದೆ. ಭೂಮಿ ಉತ್ತರಕ್ಕೆ ಎಷ್ಟು ದೂರ ಚಾಚಿದೆಯೆಂದು ತಿಳಿಯಬೇಕೆಂಬ ಕುತೂಹಲದಿಂದ ತಾನು ಹಡಗನ್ನು ನಡೆಸಿಕೊಂಡು ಹೋದೆನೆಂದು ಹೇಳಿ, ಅದರ ಬೆನ್ನಿಗೇ ಮುಖ್ಯ ಕಾರಣವು ವಾಲ್ರಸ್ ಎಂಬ ಕಡಲಪ್ರಾಣಿಯ ದಂತವೂ ಚರ್ಮವೂ ಆಗಿತ್ತೆಂದು ಅವನು ಒಪ್ಪಿಕೊಳ್ಳುತ್ತಾನೆ. ಕೆಲವು ದಂತಗಳನ್ನು ರಾಜನಿಗೆ ಕಾಣಿಕೆಯಾಗಿಯೂ ತಂದಿದ್ದನು. ತನಗೆ ಆರು ನೂರು ಸಾಕಿದ ಹಿಮಸಾರಂಗಗಳಿದ್ದುವೆಂದೂ ಸಾಮಿ ಜನರು ತನಗೆ ಕಪ್ಪವನ್ನು ಕೊಡುತ್ತಿದ್ದರೆಂದೂ ಅವನು ವಿವರಿಸುತ್ತಾನೆ. ಅತ್ಯಂತ ಉಚ್ಚಕುಲದ ಸಾಮಿಯು ಕೊಡಬೇಕಾದ ಕಪ್ಪದಲ್ಲಿ ಹದಿನೈದು ಮಾರ್ಟನ್ ಚರ್ಮ, ಐದು ಹಿಮಸಾರಂಗದ ಚರ್ಮ, ಒಂದು ಕರಡಿಯ ಚರ್ಮ, ಹತ್ತು ಅಳತೆ ಹಕ್ಕಿಗರಿ, ತಲಾ ಅರುವತ್ತು ಮೊಳ ಉದ್ದದ ಎರಡು ಹಡಗಿನ ಹಗ್ಗ ಮೊದಲಾದುವು ಸೇರಿದ್ದುವು. ಆ ಹಗ್ಗಗಳನ್ನು ಕಡಲಪ್ರಾಣಿಗಳ ತೊಗಲಿನಿಂದ ಮಾಡುತ್ತಿದ್ದರು.

ಈ ಪಟ್ಟಿಯನ್ನು ನಾವು ಸಾವಧಾನವಾಗಿ ಓದಬೇಕು. ಇಂದು ಪ್ರವಾಸಿಯು ‘ವನ್ಯಜೀವಿ’ ಎಂದು ಕರೆಯುವ ಪ್ರಾಣಿಗಳೆಲ್ಲವೂ ಇದರಲ್ಲಿವೆ. ಆದರೆ ಅವು ನೋಟದ ವಸ್ತುಗಳಾಗಿ ಇಲ್ಲ, ಹಗ್ಗವಾಗಿ, ಹಾಸಿಗೆಯಾಗಿ, ಉಡುಪಾಗಿ, ತೆರಿಗೆಯಾಗಿ ಇವೆ. ಅಲ್ಲಿಯ ನಿವಾಸಿಗೆ ಪ್ರಾಣಿಪ್ರಪಂಚವೂ ಗೃಹಕೃತ್ಯವೂ ಎರಡಾಗಿರಲಿಲ್ಲ. ಈ ಒಂದು ಲೋಕವು ಎರಡಾಗಿ ಒಡೆದು ಕಾಣತೊಡಗಿದ್ದು ಯಾವಾಗ, ಯಾರ ಕಣ್ಣಿಗೆ ಎಂಬುದನ್ನು ಮುಂದೆ ನೋಡೋಣ.

೩

ಕ್ರಿ. ಶ. ೧೪೩೧ರ ಏಪ್ರಿಲ್ ೨೫ರಂದು ಕ್ವೆರೀನಿಯು ಕ್ರೀಟ್ ದ್ವೀಪದಿಂದ ಮದ್ಯವೇ ಮೊದಲಾದ ಸರಕನ್ನು ಹೇರಿಕೊಂಡು ಫ್ಲ್ಯಾಂಡರ್ಸ್ ಕಡೆಗೆ ಹೊರಟನು. ಹಡಗಿನಲ್ಲಿ ೬೮ ಜನರಿದ್ದರು. ಬಿರುಗಾಳಿಗೆ ಸಿಕ್ಕಿ ಚುಕ್ಕಾಣಿ ಮುರಿದ ಹಡಗನ್ನು ಡಿಸೆಂಬರ್ ತಿಂಗಳಲ್ಲಿ ತ್ಯಜಿಸಿ ಅವರು ಎರಡು ದೋಣಿಗಳನ್ನೇರಬೇಕಾಯಿತು. ೨೧ ಜನರಿದ್ದ ಚಿಕ್ಕ ದೋಣಿಯು ಮತ್ತೆ ಕಾಣಿಸಲಿಲ್ಲ. ೪೭ ಜನರಿದ್ದ ದೊಡ್ಡ ದೋಣಿಯಲ್ಲಿ ಹಸಿವು ನೀರಡಿಕೆಗಳಿಂದ ಒಬ್ಬೊಬ್ಬರಾಗಿ ಸತ್ತು, ಉಳಿದವರು ೧೪೩೨ರ ಜನವರಿಯಲ್ಲಿ ಲೋಫೋಟೆನ್ ದ್ವೀಪಸ್ತೋಮದ ದಕ್ಷಿಣದ ತುದಿಯಲ್ಲಿರುವ ರೋಸ್ಟ್ ಎಂಬಲ್ಲಿಗೆ ಸಮೀಪವಾದ ಒಂದು ನಿರ್ಜನ ದಿಣ್ಣೆಯನ್ನು ಸೇರಿದರು. ಬಂಡೆಗೆ ಕಚ್ಚಿಕೊಂಡಿದ್ದ ಚಿಪ್ಪುಜೀವಿಗಳನ್ನು ತಿಂದುಕೊಂಡು ಅವರು ಅಲ್ಲಿ ಕೆಲವು ವಾರಗಳನ್ನು ಕಳೆದರು. ತಪ್ಪಿಸಿಕೊಂಡ ದನಗಳನ್ನು ಅರಸುತ್ತ ಬಂದ ರೋಸ್ಟಿನ ಮೀನುಗಾರನೊಬ್ಬನ ಮಕ್ಕಳು ಇವರನ್ನು ಕಂಡರು. ಕೊನೆಗೆ ಬದುಕಿ ಉಳಿದವರು ಹನ್ನೊಂದು ಮಂದಿ. ಅವರನ್ನು ದ್ವೀಪದವರು ಮನೆಮನೆಗೆ ಹಂಚಿಕೊಂಡು, ಮೂರು ತಿಂಗಳಿಗೂ ಹೆಚ್ಚು ಕಾಲ ಸಲಹಿದರು.

ಕ್ವೆರೀನಿಯು ಬರೆದ ವೃತ್ತಾಂತವೊಂದು. ಅವನ ಸಂಗಡಿಗರಾದ ಕ್ರಿಸ್ತೊಫೊರೊ ಫಿಯೊರವಾಂತೆ, ನಿಕೊಲೊ ದೆ ಮಿಕಿಯೆಲ್ ಎಂಬವರಿಂದ ಬಂದ ವೃತ್ತಾಂತ ಮತ್ತೊಂದು. ಎರಡೂ ರಾಮೂಸಿಯೊವಿನ ಸಂಪುಟದಲ್ಲಿವೆ. ಮಧ್ಯಯುಗದ ಸಾಮಾನ್ಯ ಮೀನುಗಾರರ ಮನೆಯೊಳಗನ್ನು ಇಷ್ಟು ಸಮೀಪದಿಂದ ಕಂಡ ಬರಹಗಳು ಯೂರೋಪಿನಲ್ಲಿಯೇ ವಿರಳ. ದ್ವೀಪದಲ್ಲಿ ೧೨೦ ಜನರಿದ್ದರು. ಮೀನು ಹಿಡಿಯುವುದೊಂದೇ ಅವರ ಕಸುಬು. ಒಣಮೀನನ್ನು ಬರ್ಗೆನ್ ಪಟ್ಟಣಕ್ಕೆ ಕೊಂಡೊಯ್ದು ಬಟ್ಟೆ, ಕಬ್ಬಿಣ ಮುಂತಾದುವಕ್ಕೆ ವಿನಿಮಯ ಮಾಡಿಕೊಳ್ಳುತ್ತಿದ್ದರು. ತಿನ್ನುವ ಮೊದಲು ಆ ಮೀನನ್ನು ಕೊಡಲಿಯ ಹಿಂಬದಿಯಿಂದ ಜಜ್ಜಿ ನಾರುನಾರಾಗಿಸಿ ಬೆಣ್ಣೆಯೊಡನೆ ಬೆರಸುತ್ತಿದ್ದರು. ಹೀಗೆ ಅಡುಗೆಯ ಕ್ರಮವನ್ನು ಸಹ ಬರೆದಿಡಬಲ್ಲವನು ಅದನ್ನು ದಿನವೂ ಉಂಡವನಲ್ಲದೆ ಬೇರಲ್ಲ.

ಹಕ್ಕಿಗಳ ವಿಷಯವಾಗಿಯೂ ಅವರು ಹೇಳುತ್ತಾರೆ. ಕಾಡಿನ ಬಾತುಗಳು ಮನೆಗಳ ಬಳಿಯಲ್ಲಿಯೇ ಗೂಡು ಕಟ್ಟುತ್ತಿದ್ದುವು. ಮನೆಯೊಡತಿಯು ಗೂಡಿನೆಡೆಗೆ ಹೋದರೆ ಹಕ್ಕಿಯು ಹೆದರಿ ಹಾರಿಹೋಗದೆ ಮೆಲ್ಲಗೆ ಸರಿದು ನಿಲ್ಲುತ್ತಿತ್ತು; ಅವಳು ಬೇಕಾದಷ್ಟು ಮೊಟ್ಟೆಗಳನ್ನು ತೆಗೆದುಕೊಂಡು ಮರಳಿದಮೇಲೆ ಪುನಃ ಗೂಡಿಗೆ ಬರುತ್ತಿತ್ತು. ಇವು ಈಡರ್ ಎಂಬ ಕಡಲಬಾತುಗಳಾಗಿರಬಹುದೆಂದು ಊಹಿಸಲು ಅವಕಾಶವಿದೆ. ಏಕೆಂದರೆ ರೋಸ್ಟಿಗೆ ದಕ್ಷಿಣದಲ್ಲಿರುವ ವೇಗಾ ದ್ವೀಪಗಳಲ್ಲಿ ಈ ಬಾತುಗಳಿಗಾಗಿಯೇ ಕಲ್ಲುಮರಗಳ ಪುಟ್ಟ ಗೂಡುಗಳನ್ನು ಕಟ್ಟಿಕೊಟ್ಟು, ಮೊಟ್ಟೆಯಿಡುವ ಕಾಲದಲ್ಲಿ ಗದ್ದಲವಾಗದಂತೆ ಕಾದು, ಮರಿಗಳೊಡನೆ ಅವು ನೀರಿಗಿಳಿದಮೇಲೆ ಗೂಡಿನಲ್ಲಿ ಉಳಿದ ಮೆತ್ತನೆಯ ತುಪ್ಪುಳನ್ನು ಸಂಗ್ರಹಿಸುವ ಪದ್ಧತಿ ಶತಮಾನಗಳಿಂದ ಇದೆ. ೨೦೦೪ರಲ್ಲಿ ಆ ದ್ವೀಪಗಳು ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಲು ಈ ಪದ್ಧತಿಯೇ ಮುಖ್ಯ ಕಾರಣ. ಕ್ವೆರೀನಿಯ ಕಾಲದ ಮನೆಯೊಡತಿಯನ್ನೂ ಈ ಪದ್ಧತಿಯನ್ನೂ ಒಟ್ಟಿಗೆ ನೋಡಿದಾಗ, ಹಕ್ಕಿಯ ಸಾಧುತನವು ಪ್ರಕೃತಿಯ ವೈಚಿತ್ರ್ಯವಲ್ಲ, ತಲೆಮಾರುಗಳ ಸಂಯಮದ ಫಲವೆಂದು ತೋರುತ್ತದೆ.

ಹಾಗೆಂದು ಕ್ವೆರೀನಿಯ ಮಾತೆಲ್ಲವನ್ನೂ ಪ್ರಮಾಣವೆಂದು ಒಪ್ಪುವಂತಿಲ್ಲ. ದ್ವೀಪವಾಸಿಗಳು ಕಳ್ಳತನವರಿಯದ, ದುರಾಸೆಯಿಲ್ಲದ, ಸ್ವರ್ಗಸದೃಶವಾದ ಬಾಳನ್ನು ಬಾಳುತ್ತಿದ್ದರೆಂಬ ಅರ್ಥದಲ್ಲಿ ಅವನು ಹೊಗಳುತ್ತಾನೆ. ಪ್ರಾಣವನ್ನುಳಿಸಿದವರ ವಿಷಯದಲ್ಲಿ ಇಂತಹ ಮಾತು ಸಹಜ. ಆದರೆ ಆ ಕಾಲಕ್ಕೆ ಬರ್ಗೆನ್ ಪಟ್ಟಣದ ಒಣಮೀನಿನ ವ್ಯಾಪಾರವು ೧೩೬೦ರ ಸುಮಾರಿಗೆ ಅಲ್ಲಿ ನೆಲೆಯೂರಿದ ಜರ್ಮನ್ ಹಾನ್ಸ ವರ್ತಕರ ವಶದಲ್ಲಿತ್ತು. ಅವರು ಉತ್ತರದ ಮೀನುಗಾರರಿಗೆ ಧಾನ್ಯವನ್ನೂ ಸಾಮಾನನ್ನೂ ಮುಂಗಡವಾಗಿ ಕೊಟ್ಟು, ಮುಂದಿನ ವರ್ಷದ ಮೀನನ್ನು ಸಾಲಕ್ಕೆ ವಜಾ ಹಾಕಿಕೊಳ್ಳುತ್ತಿದ್ದರು. ಸಾಲ ತೀರದವನು ಬೇರೆ ವರ್ತಕನ ಬಳಿಗೆ ಹೋಗುವಂತಿರಲಿಲ್ಲ. ಈ ಋಣದ ಸಂಕೋಲೆಯನ್ನು ಕುರಿತು ಕ್ವೆರೀನಿಯು ಏನನ್ನೂ ಹೇಳುವುದಿಲ್ಲ. ಉಂಡ ಮನೆಯ ಜಂತೆಯನ್ನೆಣಿಸಬಾರದೆಂದು ನಮ್ಮಲ್ಲಿ ಹೇಳುತ್ತಾರೆ, ಕ್ವೆರೀನಿ ಎಣಿಸಲಿಲ್ಲ. ಚರಿತ್ರಕಾರನ ಕೆಲಸವಾದರೋ ಜಂತೆಯನ್ನೆಣಿಸುವುದೇ ಆಗಿದೆ.

ಆದ್ದರಿಂದ ಅತಿಥಿಯ ಸಾಕ್ಷ್ಯವನ್ನು ಇತರ ಆಧಾರಗಳೊಡನೆ ತಾಳೆ ನೋಡಬೇಕು. ಹಾನ್ಸ ವರ್ತಕರ ಕಾಲಕ್ಕೂ ಮುಂಚೆ ಈ ಮೀನು ದೂರದೇಶಗಳಿಗೆ ಹೋಗುತ್ತಿತ್ತೇ ಎಂಬ ಪ್ರಶ್ನೆಗೆ ಸಾಗಾ ಕಥೆಗಳಲ್ಲಿ ಸೂಚನೆಗಳಿದ್ದರೂ ಅವು ಬಹುಕಾಲಾನಂತರ ಬರೆದವು. ೨೦೧೭ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದಕ್ಕೆ ಬೇರೊಂದು ದಾರಿಯಿಂದ ಉತ್ತರವನ್ನು ಒದಗಿಸಿತು. ವೈಕಿಂಗ್ ಯುಗದಲ್ಲಿ ಪ್ರಸಿದ್ಧ ವ್ಯಾಪಾರಸ್ಥಳವಾಗಿದ್ದು ಈಗ ಜರ್ಮನಿಯಲ್ಲಿರುವ ಹೈಥಬು ಎಂಬಲ್ಲಿ ದೊರೆತ ಕಾಡ್ ಮೀನಿನ ಮೂಳೆಗಳ ಅನುವಂಶಿಕ ಪರೀಕ್ಷೆಯಿಂದ, ಅವುಗಳಲ್ಲಿ ಕೆಲವು ದೂರದ ಉತ್ತರದ ನೀರಿನ ಮೀನುಗಳವೆಂದು ತಿಳಿದುಬಂದಿತು. ಎಂದರೆ ಓಟ್ಟಾರನ ಕಾಲದ ಆಸುಪಾಸಿನಲ್ಲಿಯೇ ಉತ್ತರದ ಮೀನು ದಕ್ಷಿಣದ ಸಂತೆಯನ್ನು ಮುಟ್ಟಿರುವ ಸಂಭವವಿದೆ. ಅಲಿಖಿತ ಮೂಳೆಯು ಲಿಖಿತ ಸಾಕ್ಷ್ಯದ ಕೊರತೆಯನ್ನು ತುಂಬಿದ ಉದಾಹರಣೆಯಿದು.

೪

ಕ್ವೆರೀನಿ ಆಪತ್ತಿನಿಂದ ಬಂದವನು. ಜ್ಞಾನಾಪೇಕ್ಷೆಯಿಂದಲೇ ಬಂದವರಲ್ಲಿ ಇಟಲಿಯ ರವೆನ್ನ ನಗರದ ಪಾದ್ರಿ ಫ್ರಾಂಚೆಸ್ಕೊ ನೆಗ್ರಿ ಹೆಸರಾದವನು. ಧಾನ್ಯ ಬೆಳೆಯದ, ವರ್ಷದ ಬಹುಭಾಗ ಹಿಮದಿಂದ ಮುಚ್ಚಿರುವ ಸೀಮೆಯಲ್ಲಿ ಮನುಷ್ಯರು ಹೇಗೆ ಬದುಕುತ್ತಾರೆಂಬುದನ್ನು ಕಣ್ಣಾರೆ ಕಾಣಬೇಕೆಂದು ೧೬೬೩ರಲ್ಲಿ ಅವನು ಹೊರಟು, ಕರಾವಳಿಯ ಜನರ ನೆರವಿನಿಂದ ಮುಂದುವರಿದು ಉತ್ತರ ಭೂಶಿರವನ್ನು ತಲಪಿದನು. ಸುಮಾರು ೩೦೦ ಮೀಟರು ಎತ್ತರದ ಈ ಬಂಡೆಗೆ ಆ ಹೆಸರು ಬಂದದ್ದು ೧೫೫೩ರಲ್ಲಿ ಈ ಮಾರ್ಗವಾಗಿ ಹೋದ ಇಂಗ್ಲಿಷ್ ನಾವಿಕರಿಂದ. ನೆಗ್ರಿಯ ಗ್ರಂಥವು ಅವನ ಮರಣಾನಂತರ ೧೭೦೦ರಲ್ಲಿ ಪ್ರಕಟವಾಯಿತು. ಭೂಶಿರದ ಮೇಲೆ ನಿಂತಾಗ ಅವನಿಗಾದ ಆನಂದವನ್ನು ಎಲ್ಲರೂ ಉದ್ಧರಿಸುತ್ತಾರೆ. ಅಲ್ಲಿಗೆ ಅವನನ್ನು ತಲಪಿಸಿದ ದೋಣಿಯವರನ್ನು ನೆನೆಯುವವರು ಕಡಮೆ.

ಹೆಚ್ಚುಕಡಮೆ ಅದೇ ಕಾಲದಲ್ಲಿ ಆ ನಾಡಿನವನೇ ಆದ ಪೆಟ್ಟೆರ್ ದಾಸ್ ಎಂಬ ಪಾದ್ರಿಯು ನೂರ್‌ಲಾಂದ್ ಪ್ರಾಂತವನ್ನು ವರ್ಣಿಸುವ ದೀರ್ಘಕಾವ್ಯವನ್ನು ರಚಿಸಿದನು. ಆತನು ೧೭೦೭ರಲ್ಲಿ ತೀರಿಕೊಂಡನು. ಕಾವ್ಯವು ೧೭೩೯ರಲ್ಲಿ ಅಚ್ಚಾಯಿತು. ಹವೆ, ಹಕ್ಕಿ, ಮೀನು, ಜನ ಎಲ್ಲವೂ ಅದರಲ್ಲಿ ಒಂದೇ ಕಥೆಯ ಭಾಗಗಳಾಗಿ ಬರುತ್ತವೆ. ಮೀನು ಬಾರದಿದ್ದರೆ ಊರಿಗೆ ಊರೇ ಹಸಿಯಬೇಕಾಗುವುದೆಂಬ ಭೀತಿಯು ಅದರ ತಳದಲ್ಲಿದೆ. ಅತಿಥಿಯ ಬರಹವನ್ನು ಓದುವವರು ಇಂತಹ ನಿವಾಸಿಯ ಬರಹವನ್ನು ಪಕ್ಕದಲ್ಲಿ ಇಟ್ಟುಕೊಂಡಿರುವುದು ಲೇಸು.

೫

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸನ್ನಿವೇಶವು ಸಂಪೂರ್ಣವಾಗಿ ಬದಲಾಯಿತು. ೧೮೭೩ರಲ್ಲಿ ರಾಜ ಎರಡನೆಯ ಆಸ್ಕರನು ಉತ್ತರ ಭೂಶಿರವನ್ನು ಸಂದರ್ಶಿಸಿದನು. ೧೮೭೫ರಲ್ಲಿ ಥಾಮಸ್ ಕುಕ್ ಸಂಸ್ಥೆಯ ಪ್ರವಾಸಿಗಳ ತಂಡವೊಂದು ಅಲ್ಲಿಗೆ ಹೋಯಿತು. ಜರ್ಮನ್ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನು ೧೮೮೯ರಿಂದ ೧೯೧೪ರವರೆಗೆ ಬಹುತೇಕ ಪ್ರತಿ ಬೇಸಗೆಯಲ್ಲಿಯೂ ನಾರ್ವೆಯ ಕರಾವಳಿಯಲ್ಲಿ ವಿಹರಿಸಿದನು. ೧೯೦೭ರಲ್ಲಿ ಸಯಾಮಿನ ದೊರೆ ಚುಲಾಲಂಕರ್ಣನು ಉತ್ತರ ಭೂಶಿರಕ್ಕೆ ಹೋಗಿ ಬಂಡೆಯ ಮೇಲೆ ತನ್ನ ಹೆಸರಿನ ಗುರುತನ್ನು ಕೆತ್ತಿಸಿದನು. ಅರ್ಧರಾತ್ರಿಯ ಸೂರ್ಯನನ್ನು ನೋಡುವುದು ಶ್ರೀಮಂತರ ಬೇಸಗೆಯ ವಿನೋದವಾಯಿತು.

ಇದೇ ಕಾಲದಲ್ಲಿ, ಬೇರೆಯೇ ಉದ್ದೇಶದಿಂದ, ಮತ್ತೊಂದು ಹಡಗುಮಾರ್ಗವು ಪ್ರಾರಂಭವಾಯಿತು. ದೀಪಸ್ತಂಭಗಳು ಇನ್ನೂ ವಿರಳವಾಗಿದ್ದ ಆ ಕಾಲದಲ್ಲಿ ಚಳಿಗಾಲದ ಕತ್ತಲೆಯಲ್ಲಿ ಹಡಗು ನಡೆಸುವುದು ಅಸಾಧ್ಯವೆಂದು ಹಲವರು ಭಾವಿಸಿದ್ದರು. ರಿಕಾರ್ಡ್ ವಿತ್ ಎಂಬ ನಾವಿಕನು ಗಡಿಯಾರ, ದಿಕ್ಸೂಚಿಗಳ ಸಹಾಯದಿಂದ ಮಾರ್ಗವನ್ನು ಗುರುತುಹಾಕಿಕೊಂಡು, ಸರ್ಕಾರದ ಒಪ್ಪಂದವನ್ನು ಪಡೆದು, ೧೮೯೩ರ ಜುಲೈ ತಿಂಗಳಲ್ಲಿ ಟ್ರೊಂಡ್‌ಹೈಮ್‌ನಿಂದ ಹಾಮರ್‌ಫೆಸ್ಟ್‌ವರೆಗೆ ಕ್ಲುಪ್ತಕಾಲದ ಹಬೆಹಡಗನ್ನು ನಡೆಸಿದನು. ಹುರ್ಟಿಗ್ರೂಟೆನ್, ಎಂದರೆ ಶೀಘ್ರಮಾರ್ಗ, ಎಂದು ಅದಕ್ಕೆ ಹೆಸರಾಯಿತು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ತಡವಾಗುತ್ತಿದ್ದ ಅಂಚೆಯು ಕೆಲವೇ ದಿನಗಳಲ್ಲಿ ತಲಪತೊಡಗಿತು. ವೈದ್ಯರು, ಮೀನಿನ ವರ್ತಕರು, ಹೆರಿಗೆಗೆ ಹೋಗುವ ಹೆಂಗಸರು, ಮೀನುಗಾರಿಕೆಯ ಕೂಲಿಗಳು ಇದರಲ್ಲಿ ಸಂಚರಿಸಿದರು. ಆದುದರಿಂದ ಹಬೆಹಡಗು ಕೇವಲ ವಿನೋದದ ವಾಹನವಾಗಿತ್ತೆಂದು ಹೇಳುವುದು ತಪ್ಪಾಗುತ್ತದೆ. ಪ್ರವಾಸಿಯು ಚಿತ್ರದಂತೆ ಕಂಡ ಬಂದರಿನಲ್ಲಿ ನಿವಾಸಿಯು ಔಷಧಕ್ಕಾಗಿ ಕಾದು ನಿಂತಿರುತ್ತಿದ್ದನು.

ಆದರೆ ವಿನೋದಯಾತ್ರೆಯ ಹಡಗಿನಲ್ಲಿ ಬಂದವನು ತನ್ನ ಊಟವನ್ನೂ ಹಾಸಿಗೆಯನ್ನೂ ಜತೆಯಲ್ಲಿಯೇ ತಂದಿದ್ದನು. ಕರಾವಳಿಯ ಜನರಲ್ಲಿ ಅವನು ಬೇಡಬೇಕಾದುದೇನೂ ಇರಲಿಲ್ಲ. ಇದರ ಪರಿಣಾಮವನ್ನು ಎರಡು ನಿದರ್ಶನಗಳಲ್ಲಿ ಕಾಣಬಹುದು.

ಮೊದಲನೆಯದು ಹಕ್ಕಿಬಂಡೆಗಳದು. ಫಿನ್‌ಮಾರ್ಕ್ ಪ್ರಾಂತದ ಸ್ವೇರ್‌ಹೋಲ್ಟ್‌ಕ್ಲುಬೆನ್ ಮುಂತಾದ ಕಡಿದಾದ ಬಂಡೆಗಳ ಮೇಲೆ ಕಡಲಹಕ್ಕಿಗಳು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಗೂಡು ಕಟ್ಟುತ್ತಿದ್ದುವು. ಪ್ರವಾಸಿಗಳ ಹಡಗು ಬಂಡೆಯ ಬಳಿ ನಿಂತು ಫಿರಂಗಿಯನ್ನು ಹಾರಿಸುತ್ತಿತ್ತು. ಹಕ್ಕಿಗಳೆಲ್ಲ ಒಮ್ಮೆಲೇ ಮೋಡದಂತೆ ಮೇಲೆದ್ದು ಆಕಾಶವನ್ನು ಮುಚ್ಚುತ್ತಿದ್ದುವು. ಅಂದಿನ ಮಾರ್ಗದರ್ಶಿ ಗ್ರಂಥಗಳು ಇದನ್ನು ನೋಡತಕ್ಕ ದೃಶ್ಯವೆಂದು ಹೇಳುತ್ತವೆ. ಈ ಕರಾವಳಿಯಲ್ಲಿ ಮೊಟ್ಟೆ, ತುಪ್ಪುಳುಗಳನ್ನು ಸಂಗ್ರಹಿಸುವ ಹಕ್ಕು ಇಂತಿಂಥ ಜಮೀನಿಗೆ ಸೇರಿದ್ದೆಂದು ಗೊತ್ತಾಗಿತ್ತು. ನಮ್ಮಲ್ಲಿ ಮರದ ಫಸಲಿಗೆ ಒಡೆತನವಿರುವಂತೆ ಅಲ್ಲಿ ಬಂಡೆಯ ಮೊಟ್ಟೆಗೆ ಒಡೆತನವಿತ್ತು. ಮನೆಯೊಡತಿಯು ಕೈಯಿಟ್ಟಾಗ ಮೆಲ್ಲಗೆ ಸರಿದು ನಿಲ್ಲುತ್ತಿದ್ದ ಹಕ್ಕಿಗೂ ಫಿರಂಗಿಯ ಸದ್ದಿಗೆ ಹಾರಿದ ಹಕ್ಕಿಗೂ ನಡುವೆ ನಾಲ್ಕೂವರೆ ಶತಮಾನಗಳ ಅಂತರವಿದೆ. ಅದಕ್ಕಿಂತ ಹಿರಿದಾದುದು ಉಂಡ ಅತಿಥಿಗೂ ನೋಡಿದ ಅತಿಥಿಗೂ ಇರುವ ಅಂತರ.

ಎರಡನೆಯದು ಸಾಮಿ ಜನರದು. ಬೇಸಗೆಯಲ್ಲಿ ಸ್ವೀಡನ್ನಿನ ಕಡೆಯಿಂದ ಹಿಮಸಾರಂಗಗಳ ಮಂದೆಯೊಡನೆ ಬಂದು ಟ್ರೊಮ್ಸೊ ಪಟ್ಟಣದ ಎದುರಿನ ಕಣಿವೆಯಲ್ಲಿ ಬೀಡುಬಿಡುತ್ತಿದ್ದ ಸಾಮಿ ಕುಟುಂಬಗಳನ್ನು ನೋಡುವುದು ಹಡಗಿನ ಪ್ರವಾಸಿಗಳ ಕಾರ್ಯಕ್ರಮದಲ್ಲಿ ಸೇರಿತ್ತು. ಅವರ ಡೇರೆ, ಬಣ್ಣದ ಉಡುಪು, ಸಾರಂಗದ ಮಂದೆ ಇವು ಚಿತ್ರಗಳಲ್ಲಿಯೂ ಪುಸ್ತಕಗಳಲ್ಲಿಯೂ ತುಂಬಿಕೊಂಡುವು. ಆದರೆ ಸಾಮಿ ಜನರಲ್ಲಿ ಬಹುಮಂದಿ ಕೊಲ್ಲಿಗಳ ದಡದಲ್ಲಿ ನೆಲೆಸಿ, ಮೀನು ಹಿಡಿದು, ಕೆಲವು ಹಸು ಕುರಿಗಳನ್ನು ಸಾಕಿ ಬದುಕುವ ಕಡಲ ಸಾಮಿಗಳು. ಅವರ ಮನೆ, ದೋಣಿ, ಕಸುಬುಗಳು ನೆರೆಯ ನಾರ್ವೆಯವರ ಮನೆ, ದೋಣಿ, ಕಸುಬುಗಳನ್ನೇ ಹೋಲುತ್ತಿದ್ದುವು. ನೋಡಲು ವಿಶೇಷವೇನೂ ಇಲ್ಲದಿದ್ದುದರಿಂದ ನೋಡಲು ಬಂದವರು ಇವರನ್ನು ನೋಡಲಿಲ್ಲ. ತನಗಿಂತ ಭಿನ್ನವಾದುದನ್ನು ಮಾತ್ರ ಬರೆದುಕೊಳ್ಳುವುದು ಪ್ರವಾಸಿಯ ಕಣ್ಣಿನ ದೋಷ. ಈ ದೋಷವು ಮುಂದೆ ಎಷ್ಟು ದುಬಾರಿಯಾಯಿತೆಂಬುದನ್ನು ಮುಂದಿನ ಭಾಗದಲ್ಲಿ ಹೇಳುತ್ತೇನೆ.

ಈ ದೃಶ್ಯಗಳ ಹಿಂದೆ ಆ ದಿನಗಳಲ್ಲಿಯೇ ಒಂದು ಘೋರವಾದ ಹೋರಾಟವು ನಡೆಯುತ್ತಿತ್ತು. ಸ್ವೆಂದ್ ಫೊಯಿನ್ ಎಂಬ ಉದ್ಯಮಿಯು ಸ್ಫೋಟಿಸುವ ಈಟಿಯನ್ನು ಫಿರಂಗಿಯಿಂದ ಹಾರಿಸುವ ವಿಧಾನಕ್ಕೆ ೧೮೭೦ರಲ್ಲಿ ಸ್ವಾಮ್ಯವನ್ನು ಪಡೆದಮೇಲೆ ಫಿನ್‌ಮಾರ್ಕ್ ಕರಾವಳಿಯಲ್ಲಿ ತಿಮಿಂಗಿಲಗಳ ಬೇಟೆಯು ದೊಡ್ಡ ಉದ್ಯಮವಾಗಿ ಬೆಳೆಯಿತು. ತಿಮಿಂಗಿಲಗಳು ಮೀನಿನ ಹಿಂಡನ್ನು ದಡದತ್ತ ಅಟ್ಟಿಕೊಂಡು ಬರುತ್ತವೆಂದೂ ಅವು ನಾಶವಾದರೆ ದಡದ ಮೀನುಗಾರಿಕೆಯೂ ನಾಶವಾಗುವುದೆಂದೂ ಬಡ ಮೀನುಗಾರರು ನಂಬಿದ್ದರು. ಈ ನಂಬಿಕೆಗೆ ಆಧಾರವಿಲ್ಲವೆಂದು ಅಂದಿನ ಪ್ರಸಿದ್ಧ ವಿಜ್ಞಾನಿಗಳು ಅಭಿಪ್ರಾಯಪಟ್ಟರು. ಮೀನು ದೊರೆಯದೆ ಕಂಗೆಟ್ಟ ಮೀನುಗಾರರು ೧೯೦೩ರ ಜೂನ್ ತಿಂಗಳಲ್ಲಿ ಮೇಹಾಮ್ನ್ ಎಂಬಲ್ಲಿದ್ದ ತಿಮಿಂಗಿಲದ ಕಾರ್ಖಾನೆಯನ್ನು ಕೆಡವಿಹಾಕಿದರು. ಸರ್ಕಾರವು ಸೈನಿಕರನ್ನು ಕಳುಹಿಸಿತು. ಆದರೆ ಮರುವರ್ಷವೇ ಉತ್ತರದ ಪ್ರಾಂತಗಳ ಕರಾವಳಿಯಲ್ಲಿ ಆ ಬೇಟೆಯನ್ನು ಹತ್ತು ವರ್ಷಗಳ ಕಾಲ ನಿಷೇಧಿಸಬೇಕಾಯಿತು. ೧೯೦೩ರ ಚುನಾವಣೆಯಲ್ಲಿ ನಾರ್ವೆಯ ಸಂಸತ್ತನ್ನು ಮೊದಲ ಬಾರಿಗೆ ಪ್ರವೇಶಿಸಿದ ಕಾರ್ಮಿಕ ಪಕ್ಷದ ಪ್ರತಿನಿಧಿಗಳು ಉತ್ತರ ನಾರ್ವೆಯಿಂದಲೇ ಆರಿಸಿಬಂದವರು. ಅರ್ಧರಾತ್ರಿಯ ಸೂರ್ಯನನ್ನು ನೋಡಹೋದವರ ಬರಹಗಳಿಂದ ಮಾತ್ರ ಈ ಚರಿತ್ರೆಯನ್ನು ಕಟ್ಟಹೊರಟರೆ ಮೇಹಾಮ್ನಿನ ಕೋಪಕ್ಕೆ ಕಾರಣವೇ ತಿಳಿಯುವುದಿಲ್ಲ.

೬

ಇಷ್ಟು ದೋಷಗಳಿದ್ದರೂ ಪ್ರವಾಸಿಗಳ ಬರಹಗಳನ್ನು ತಳ್ಳಿಹಾಕುವಂತಿಲ್ಲ. ೧೯೪೪ರ ಶರತ್ಕಾಲದಲ್ಲಿ ಸೋವಿಯತ್ ಸೇನೆಯು ಮುಂದೊತ್ತಿದಾಗ ಹಿಂದೆಗೆಯುತ್ತಿದ್ದ ಜರ್ಮನ್ ಸೇನೆಯು ಫಿನ್‌ಮಾರ್ಕ್ ಪ್ರಾಂತವನ್ನೂ ಟ್ರೊಮ್ಸ್ ಪ್ರಾಂತದ ಉತ್ತರಭಾಗವನ್ನೂ ವ್ಯವಸ್ಥಿತವಾಗಿ ಸುಟ್ಟುಹಾಕಿತು. ಸುಮಾರು ೫೦,೦೦೦ ಜನರನ್ನು ಬಲಾತ್ಕಾರವಾಗಿ ದಕ್ಷಿಣಕ್ಕೆ ಸಾಗಿಸಲಾಯಿತು. ಸಹಸ್ರಾರು ಜನರು ಗುಹೆಗಳಲ್ಲಿಯೂ ಗುಡಿಸಲುಗಳಲ್ಲಿಯೂ ಅಡಗಿ ಚಳಿಗಾಲವನ್ನು ಕಳೆದರು. ಹಾಮರ್‌ಫೆಸ್ಟ್ ಪಟ್ಟಣದಲ್ಲಿ ಸುಡದೆ ಉಳಿದದ್ದು ಸ್ಮಶಾನದ ಪ್ರಾರ್ಥನಾಮಂದಿರವೊಂದೇ. ಮನೆ, ದೋಣಿಮನೆ, ಮೀನಿನ ಕಟ್ಟೆಗಳೊಡನೆ ಮನೆಗಳಲ್ಲಿದ್ದ ಕಾಗದಪತ್ರಗಳೂ ಚಿತ್ರಗಳೂ ಬೂದಿಯಾದುವು. ಹೀಗಾಗಿ ಹಳೆಯ ಕರಾವಳಿಯ ಸ್ವರೂಪವನ್ನು ತಿಳಿಯಲು ಹೊರಗಿನವರು ಬರೆದ, ಚಿತ್ರಿಸಿಕೊಂಡುಹೋದ ದಾಖಲೆಗಳು ಅನೇಕ ಕಡೆ ಅಮೂಲ್ಯವಾದ ಆಧಾರಗಳಾಗಿ ಉಳಿದಿವೆ. ಮನೆಯು ಸುಟ್ಟುಹೋದಮೇಲೆ ಅತಿಥಿಯು ಕೊಂಡುಹೋಗಿದ್ದ ಚಿತ್ರವೇ ಮನೆಯವನಿಗೆ ಸಾಕ್ಷಿಯಾಗುವ ಪ್ರಸಂಗವಿದು.

ಇಂತಹ ಸಾಕ್ಷ್ಯದ ಲೋಪವು ನ್ಯಾಯದ ಪ್ರಶ್ನೆಯೂ ಆಗಬಲ್ಲದು. ಕಾಡ್ ಮೀನಿನ ಸಂತತಿಯು ಕುಗ್ಗಿದ ಕಾರಣ ೧೯೮೯ರ ಏ‍ಪ್ರಿಲ್ ತಿಂಗಳಲ್ಲಿ ಕರಾವಳಿಯ ಮೀನುಗಾರಿಕೆಯನ್ನು ನಿಲ್ಲಿಸಿ, ೧೯೯೦ರಿಂದ ಪ್ರತಿ ದೋಣಿಗೂ ಇಷ್ಟೆಂದು ಪಾಲನ್ನು ಗೊತ್ತುಮಾಡಲಾಯಿತು. ಹಿಂದಿನ ವರ್ಷಗಳಲ್ಲಿ ಹಿಡಿದ ಮೀನಿನ ಪ್ರಮಾಣವನ್ನು ನೋಡಿ ಪಾಲು ಕೊಟ್ಟುದರಿಂದ, ಸ್ವಲ್ಪ ಮೀನು ಸ್ವಲ್ಪ ಬೇಸಾಯವೆಂದು ಬದುಕುತ್ತಿದ್ದ ಅನೇಕ ಕಡಲ ಸಾಮಿಗಳು ಪಾಲಿಲ್ಲದೆ ಹೊರಗುಳಿದರು. ಸಾಮಿ ಜನರ ಪ್ರತಿನಿಧಿಸಭೆಯು ೧೯೮೯ರಲ್ಲಿ ಪ್ರಾರಂಭವಾದಮೇಲೆ ಈ ಅನ್ಯಾಯವು ಚರ್ಚೆಗೆ ಬಂದಿತು. ಸರ್ಕಾರವು ನೇಮಿಸಿದ ಸಮಿತಿಯೊಂದು ೨೦೦೮ರಲ್ಲಿ, ಫಿನ್‌ಮಾರ್ಕಿನ ಜನರಿಗೆ ಪರಂಪರಾಗತ ಬಳಕೆಯ ಆಧಾರದ ಮೇಲೆ ಮೀನು ಹಿಡಿಯುವ ಹಕ್ಕಿದೆಯೆಂದು ಅಭಿಪ್ರಾಯಪಟ್ಟಿತು. ಸರ್ಕಾರವು ಅದನ್ನು ಪೂರ್ಣವಾಗಿ ಅಂಗೀಕರಿಸಲಿಲ್ಲ. ಪರಂಪರಾಗತ ಬಳಕೆಯನ್ನು ಸ್ಥಾಪಿಸಲು ಚರಿತ್ರೆಯ ಆಧಾರ ಬೇಕು. ಸಾರಂಗದ ಡೇರೆಯ ಚಿತ್ರಗಳು ನೂರಾರು ಇದ್ದು, ಕೊಲ್ಲಿಯ ದಡದ ಸಾಮಿ ದೋಣಿಯ ಚಿತ್ರಗಳು ಅಪರೂಪವಾದಾಗ, ಅತಿಥಿಗಳ ಕಣ್ತಪ್ಪು ಮನೆಯವರ ಹಕ್ಕಿಗೇ ತೊಡಕಾಗುವುದನ್ನು ನಾವು ಕಾಣುತ್ತೇವೆ.

ಪ್ರಾಣಿಗಳ ವಿಷಯದಲ್ಲಿಯೂ ಕಾಲವು ಬದಲಾಗಿದೆ. ಲೋಫೋಟೆನ್ನಿನ ವೇರೋಯ್ ದ್ವೀಪದ ಜನರು ಕಲ್ಲಿನ ಗೂಡಿನೊಳಗೆ ಅಡಗಿ ಕುಳಿತು, ಮಾಂಸದ ತುಂಡಿಗೆ ಬಂದಿಳಿದ ಕಡಲಹದ್ದನ್ನು ಕಾಲು ಹಿಡಿದು ಎಳೆದುಕೊಳ್ಳುತ್ತಿದ್ದರು. ಹದ್ದನ್ನು ಕೊಂದವರಿಗೆ ೧೮೪೫ರ ಶಾಸನದಿಂದ ಬಹುಮಾನ ದೊರೆಯುತ್ತಿತ್ತು. ೧೯೬೮ರಲ್ಲಿ ಅದೇ ಹದ್ದಿಗೆ ಕಾನೂನಿನ ರಕ್ಷಣೆ ಬಂದು ಅದರ ಸಂತತಿ ಚೇತರಿಸಿಕೊಂಡಿತು. ಆ ದ್ವೀಪದ ಮೋಸ್ಟಾಡ್ ಎಂಬ ಹಳ್ಳಿಯಲ್ಲಿ ಪಫಿನ್ ಹಕ್ಕಿಗಳನ್ನು ಬಿಲದಿಂದ ಹಿಡಿದುತರಲು ಸಾಕುತ್ತಿದ್ದ, ಪಾದಕ್ಕೆ ಆರು ಬೆರಳುಳ್ಳ ನಾಯಿಯ ತಳಿಯು ಇಂದು ಉಳಿದಿದೆ. ಹಳ್ಳಿಯು ಮಾತ್ರ ಬರಿದಾಗಿದೆ. ಆಂದೆನೆಸ್ ಎಂಬ ಮೀನುಗಾರರ ಊರಿನಲ್ಲಿ ೧೯೮೮ರಿಂದ ಪ್ರವಾಸಿಗಳನ್ನು ದೋಣಿಗಳಲ್ಲಿ ಕರೆದುಕೊಂಡುಹೋಗಿ ತಿಮಿಂಗಿಲಗಳನ್ನು ತೋರಿಸುತ್ತಾರೆ. ಆದರೆ ರೋಸ್ಟಿನ ಪಫಿನ್ ಹಕ್ಕಿಗಳ ಸಂಖ್ಯೆಯು ೧೯೭೯ರಿಂದೀಚೆಗೆ ಮುಕ್ಕಾಲುಪಾಲಿನಷ್ಟು ಇಳಿದುಹೋಗಿದೆ. ೧೯೬೦ರ ದಶಕದ ಕೊನೆಯಲ್ಲಿ ಅತಿಯಾದ ಮೀನುಗಾರಿಕೆಯಿಂದ ಹೆರಿಂಗ್ ಮೀನಿನ ಸಂತತಿಯು ಕುಸಿದಾಗ ಮರಿಗಳಿಗೆ ಆಹಾರವಿಲ್ಲದಂತಾದುದು ಈ ಇಳಿತದ ಮೊದಲ ಕಾರಣಗಳಲ್ಲೊಂದು. ಮನೆಯೊಡತಿಯ ಕೈ ಮಾಡದ ನಷ್ಟವನ್ನು, ಆ ದಡಕ್ಕೆ ಕಾಲಿಡದೆಯೇ ನಡುಗಡಲಿನಲ್ಲಿ ಬಲೆ ಬೀಸಿದವರು ಮಾಡಿದರು. ಹಕ್ಕಿಯೂ ಮೀನೂ ಮನುಷ್ಯನೂ ಒಂದೇ ಲೆಕ್ಕದಲ್ಲಿ ಸೇರಿದವರೆಂಬುದನ್ನು ಓಟ್ಟಾರನ ಕಪ್ಪದ ಪಟ್ಟಿಯು ಹೇಳಿತ್ತು. ಈ ಕಾಲದ ಪಕ್ಷಿಗಣನೆಯು ಅದನ್ನೇ ಮತ್ತೊಂದು ಬಗೆಯಲ್ಲಿ ಹೇಳುತ್ತಿದೆ.

೭

ಮೇಲಿನ ವಿವೇಚನೆಯಿಂದ ಸಿದ್ಧವಾಗುವ ಅಂಶಗಳನ್ನು ಸಂಗ್ರಹವಾಗಿ ಹೇಳಬಹುದು. ಅತಿಥಿಯು ಮನೆಯವರನ್ನು ಎಷ್ಟರಮಟ್ಟಿಗೆ ಅವಲಂಬಿಸಿದ್ದನೋ ಅಷ್ಟರಮಟ್ಟಿಗೆ ಅವನ ಸಾಕ್ಷ್ಯವು ನಿತ್ಯಜೀವನದ ವಿಷಯದಲ್ಲಿ ಬೆಲೆಯುಳ್ಳದ್ದು. ಆದರೆ ಆ ಅವಲಂಬನವೇ ಕೃತಜ್ಞತೆಯಾಗಿ ಮಾರ್ಪಟ್ಟು, ಮನೆಯ ಕೊರತೆಗಳನ್ನು ಮರೆಮಾಚುವುದೂ ಉಂಟು. ತನ್ನ ಬುತ್ತಿಯನ್ನು ತಾನೇ ತಂದವನು ಸ್ವತಂತ್ರವಾಗಿ ನೋಡಬಲ್ಲನಾದರೂ ವಿಶೇಷವೆನಿಸಿದುದನ್ನು ಮಾತ್ರ ನೋಡುತ್ತಾನೆ. ಆದ್ದರಿಂದ ನಿವಾಸಿಗಳ ಬರಹ, ತೆರಿಗೆಯ ಪಟ್ಟಿ, ವರ್ತಕರ ಲೆಕ್ಕ, ಉತ್ಖನನದ ಮೂಳೆ ಇವುಗಳೊಡನೆ ತಾಳೆ ನೋಡದೆ ಯಾವ ಅತಿಥಿಯ ಮಾತನ್ನೂ ಒಪ್ಪಬಾರದು, ತಳ್ಳಲೂಬಾರದು.

ನಮ್ಮ ಆಕರಗಳನ್ನು ಓದುವಾಗಲೂ ಈ ಪ್ರಶ್ನೆಗಳು ಪ್ರಯೋಜನಕಾರಿಯೆಂದು ನಾನು ಭಾವಿಸುತ್ತೇನೆ. ೧೪೪೩ರಲ್ಲಿ ವಿಜಯನಗರಕ್ಕೆ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನಿಗೆ ಪ್ರತಿದಿನದ ಆಹಾರಸಾಮಗ್ರಿಯು ಅರಮನೆಯಿಂದಲೇ ಬರುತ್ತಿತ್ತೆಂಬುದನ್ನು ಅವನೇ ಬರೆದಿದ್ದಾನೆ. ಅರಮನೆಯ ವೈಭವ, ಮಹಾನವಮಿಯ ಉತ್ಸವಗಳನ್ನು ಅವನು ಅಷ್ಟು ವಿವರವಾಗಿ ವರ್ಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತುಂಗಭದ್ರೆಯ ದಡದಲ್ಲಿ ಹರಿಗೋಲು ನಡೆಸುತ್ತಿದ್ದ ಅಂಬಿಗನ ಮನೆಯಲ್ಲಿ ಒಂದು ಚಳಿಗಾಲವನ್ನು ಕಳೆದ ಕ್ವೆರೀನಿಯೊಬ್ಬನು ನಮಗೆ ದೊರೆತಿಲ್ಲ. ಆ ಕೊರತೆಯನ್ನು ಕೊರತೆಯೆಂದು ಅರಿತು ಓದುವುದು ನಮ್ಮ ವಿದ್ಯಾರ್ಥಿಗಳ ಅಭ್ಯಾಸವಾದರೆ, ದೂರದ ರೋಸ್ಟ್ ದ್ವೀಪದ ಮೀನುಗಾರರು ಹನ್ನೊಂದು ಜನರಿಗೆ ಇಕ್ಕಿದ ಅನ್ನವು ನಮ್ಮ ಚರಿತ್ರೆಯ ವ್ಯಾಸಂಗಕ್ಕೂ ಸಂದಂತಾಗುತ್ತದೆ.